ತುಟಿಗೆ ಒದ್ದೆ ಹತ್ತಿ

ನಾನು ನನ್ನ ಅತ್ತೆಯ ಬೆರಳು ಕಚ್ಚಿದೆ. ಬಲಗೈಯ ನಡುಬೆರಳು. ಎಲುಬಿಗೆ ಹಲ್ಲು ತಾಗಿದ ಮೇಲೂ ಬಿಡಲಿಲ್ಲ. ಇಬ್ಬರು ಸಿಸ್ಟರ್‌ಗಳು ನನ್ನ ದವಡೆ ಹಿಡಿದು ಅಗಲಿಸಬೇಕಾಯಿತು. ಅಷ್ಟರಲ್ಲಿ ನಾನು ಅತ್ತೆಯ ಎದೆಗೆ ಒದ್ದಿದ್ದೆ. ಅವರು ಸಲಾಯಿನ್ ಸ್ಟ್ಯಾಂಡಿಗೆ ಬಡಿದು, ಸ್ಟ್ಯಾಂಡನ್ನೂ ಕೆಡವಿಕೊಂಡು ನೆಲಕ್ಕೆ ಬಿದ್ದರು. ನನ್ನ ಕುತ್ತಿಗೆಗೆ ಹೊಲಿದಿದ್ದ ನಳಿಕೆಯನ್ನು ನಾನೇ ಕಿತ್ತುಕೊಂಡೆ. ರಕ್ತ ದಿಂಬು ದಾಟಿ ಗಾದಿಗೆ ಇಳಿಯಿತು.

ಇಷ್ಟರಲ್ಲಿ ನನ್ನ ಸ್ವಂತ ನೆನಪು ಎನ್ನಬಹುದಾದದ್ದು ಒಂದೇ, ಬಾಯಲ್ಲಿದ್ದ ಉಪ್ಪು. ಮಿಕ್ಕಿದ್ದನ್ನು ಬೇರೆಯವರಿಂದ ಕೇಳಿ ಜೋಡಿಸಿದ್ದೇನೆ. ನನ್ನ ತಲೆಯಲ್ಲಿ ಇದೇ ಘಟನೆಯ ಇನ್ನೊಂದು ರೂಪವಿದೆ. ಅದರಲ್ಲಿ ಆಸ್ಪತ್ರೆಯೇ ಇಲ್ಲ. ಆದರೆ ಅದು ಇದಕ್ಕಿಂತ ನಿಚ್ಚಳವಾಗಿದೆ, ಇವತ್ತಿಗೂ ಮೈ ನಂಬುವುದು ಅದನ್ನೇ. ಕಾಯಿಲೆಯಿಂದ ಎದ್ದು ಬಂದವರು ಮೊದಲು ಜ್ವರ, ಆಮೇಲೆ ಆಸ್ಪತ್ರೆ, ಆಮೇಲೆ ಮನೆ ಎಂದು ಸಾಲಾಗಿ ಹೇಳುತ್ತಾರೆ. ಹಾಗೆ ಹೇಳಲು ನಾನೂ ನೋಡಿದೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ಸುಳ್ಳು ನುಸುಳುತ್ತಿತ್ತು. ಆದ್ದರಿಂದ ಯಾವುದು ನನ್ನದು, ಯಾವುದು ಕೇಳಿದ್ದು ಎಂದು ಹೇಳುತ್ತಲೇ ಹೋಗುತ್ತೇನೆ.

ಜ್ವರ ಬಂದದ್ದು ತವರೂರು ಗಡಹಿಂಗ್ಲಜದಲ್ಲಿ, ತಮ್ಮನ ಮಗಳಿಗೆ ಹೆಸರಿಡುವ ದಿನ. ಇದು ನನ್ನದು. ತೊಟ್ಟಿಲ ಹಗ್ಗ ಹಿಡಿದು ಜೋಗುಳ ಹೇಳುತ್ತಿದ್ದವಳಿಗೆ ಉಸಿರು ಸಾಲಲಿಲ್ಲ.

"ಇಚಲಕರಂಜಿ ಹತ್ತಿ ಧೂಳ ಕುಡದು ಕುಡದು ವೈನಿ ಧ್ವನಿನ ಹೋಗೇತಿ ನೋಡ್ರಿ," ಎಂದು ತಮ್ಮನ ಹೆಂಡತಿ ನಕ್ಕಳು.

ನಮ್ಮ ಮನೆ ಇಚಲಕರಂಜಿಯ ಪಕ್ಕದ ಕಬನೂರಿನಲ್ಲಿದೆ. ಗೋಡೆಗೆ ಗೋಡೆ ಹತ್ತಿಕೊಂಡೇ ನಮ್ಮ ಪವರ್‌ಲೂಮ್ ಶೆಡ್ಡು. ಧೂಳಿನ ಮಾತು ನಿಜವೇ ಆಗಿದ್ದರಿಂದ ನಾನೂ ನಕ್ಕೆ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಊಟಕ್ಕೆ ಕುಳಿತಾಗ ಹೋಳಿಗೆಯ ತಾಟಿನ ಮೇಲೆಯೇ ಕೆಂಪು ಕಫ ಬಿತ್ತು. ಅಲ್ಲಿನ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಒಂದು ಕಡೆಯ ಪುಪ್ಪುಸ ಪೂರಾ ಬೆಳ್ಳಗಿತ್ತಂತೆ. ನ್ಯುಮೋನಿಯಾ, ಸೋಂಕು ರಕ್ತಕ್ಕೂ ಇಳಿದಿದೆ, ಕೊಲ್ಹಾಪುರಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಗಂಡ ಭರತೇಶ ನನ್ನ ಮುಖಕ್ಕೆ ಮಾಸ್ಕು ಒತ್ತಿ ಹಿಡಿದಿದ್ದರು. ಆ ಮಾಸ್ಕಿನಿಂದ ನನ್ನನ್ನು ಉಸಿರುಗಟ್ಟಿಸುತ್ತಿದ್ದಾರೆಂದು ಅನ್ನಿಸಿ ಅವರ ಕೈಗೆ ಉಗುರು ಹಾಕಿ ಕೆರೆದೆ. ದಾರಿಯಲ್ಲಿ ಸಂಕೇಶ್ವರದ ಸರ್ಕಲ್ಲು ನೆನಪಿದೆ. ಅದರಾಚೆಯ ನಿಪ್ಪಾಣಿ ಇಲ್ಲ.

ಇಲ್ಲಿಂದ ಮುಂದೆ ನನ್ನ ತಲೆಯಲ್ಲಿರುವುದು ಹೀಗೆ.

ನನ್ನನ್ನು ಮಗ್ಗದೊಳಗೆ ಮಲಗಿಸಿದ್ದಾರೆ. ನೂಲು ಸುತ್ತಿದ ಹಿಂದಿನ ಬೀಮಿನಿಂದ ಬರುವ ಎಳೆಗಳೆಲ್ಲ ನನ್ನ ಬಾಯೊಳಗೆ ಹೋಗಿ ಗಂಟಲು ಸೀಳಿ ಎದೆಯಲ್ಲಿ ಹೊರಬೀಳುತ್ತಿವೆ. ಲಾಳಿ ಎಡದಿಂದ ಬಂದು ಹಲ್ಲಿಗೆ ಹೊಡೆಯುತ್ತದೆ, ಬಲದಿಂದ ಬಂದು ಹಲ್ಲಿಗೆ ಹೊಡೆಯುತ್ತದೆ. ಪ್ರತಿ ಹೊಡೆತಕ್ಕೂ ಎದೆ ತಾನಾಗಿ ಮೇಲೇಳುತ್ತದೆ. ನಾನು ಎಳೆಯದ ಉಸಿರು ಒಳಗೆ ನುಗ್ಗುತ್ತದೆ. ಕೈಗಳನ್ನು ಬೀಮಿಗೆ ಕಟ್ಟಿದ್ದಾರೆ. ಮುಖವಿಲ್ಲದ ಒಬ್ಬಾತ ಬ್ಲೇಡು ಹಿಡಿದು ಬಂದು, ನೂಲು ಕಡಿಯುವ ಹಾಗೆ ನನ್ನ ಕುತ್ತಿಗೆಯ ಪಕ್ಕ ಕೊಯ್ಯುತ್ತಾನೆ. ಕೂಗಿದರೆ ಧ್ವನಿ ಇಲ್ಲ. ನೂಲು ಎಲ್ಲ ಧ್ವನಿಯನ್ನೂ ಎಳೆದುಕೊಂಡು ಹೋಗುತ್ತಿದೆ. ನೆಲದ ಮೇಲೆ ಬೀಳುತ್ತಿರುವ ಬಟ್ಟೆ ಕೆಂಪಗಿದೆ. ಅದನ್ನು ಯಾರೋ ಅಳೆದು ಮಡಚುತ್ತಿದ್ದಾರೆ, ಏನೂ ಆಗಿಲ್ಲವೆಂಬಂತೆ.

ಭರತೇಶ ಹೇಳುವ ರೂಪ ಚಿಕ್ಕದು. ಗಂಟಲಿಗೆ ಟ್ಯೂಬು ಹಾಕಿದ್ದರು, ವೆಂಟಿಲೇಟರ್ ಇತ್ತು, ಔಷಧ ಬಿಡಲು ಕುತ್ತಿಗೆಯ ರಕ್ತನಾಳಕ್ಕೆ ಒಂದು ನಳಿಕೆ ಕೂಡಿಸಿದರು, ಟ್ಯೂಬು ಕೀಳುತ್ತೀಯೆಂದು ಕೈ ಕಟ್ಟಿದ್ದರು. "ನೀ ಮಲಗಿದ್ದಿ, ಅಷ್ಟ," ಎನ್ನುತ್ತಾರೆ. ಮಲಗಿದ್ದೆನಂತೆ! ಅವರು ಗಾಜಿನಾಚೆ ನಿಂತು ನೋಡಿದ್ದೂ ನಾನು ಒಳಗೆ ಕಂಡದ್ದೂ ಒಂದೇ ದಿನಗಳು ಎಂದು ಒಪ್ಪಿಕೊಳ್ಳಲು ನನಗೆ ಇನ್ನೂ ಕಷ್ಟ.

ಕೊಲ್ಹಾಪುರದ ಆ ಐಸಿಯು ವಾರ್ಡಿನ ಡಾಕ್ಟರ್ ಒಬ್ಬ ಹೆಣ್ಣುಮಗಳು. ತಾಯಿಯ ಕಡೆಯವರು ನಿಪ್ಪಾಣಿಯವರಾದ್ದರಿಂದ ಕನ್ನಡ ಬರುತ್ತಿತ್ತು. ಕೆಲಕಾಲ ನೆದರ್ಲ್ಯಾಂಡ್ಸ್‌ನಲ್ಲಿ ಇದ್ದು, ಐಸಿಯುನಲ್ಲಿ ರೋಗಿಗಳಿಗೆ ಹಿಡಿಯುವ ಸನ್ನಿಯ ಮೇಲೆ ಅಲ್ಲಿನವರು ಮಾಡುವ ಸಂಶೋಧನೆ ನೋಡಿ ಬಂದಿದ್ದರು. ಟ್ಯೂಬು ತೆಗೆದ ಮೇಲೂ ನಾನು ಗೋಡೆಯೊಂದಿಗೆ ಜಗಳಾಡುತ್ತಿದ್ದುದನ್ನು ಕಂಡು ಭರತೇಶ, ನಿದ್ದೆಯ ಔಷಧ ಕೊಟ್ಟು ಸುಮ್ಮನಾಗಿಸಿರಿ ಎಂದು ಬೇಡಿಕೊಂಡರಂತೆ.

"ಅಲ್ಲಿಯವರು ಸನ್ನಿ ಬರೋ ಮೊದಲ ಔಷಧ ಕೊಟ್ಟು ನೋಡ್ಯಾರ್ರಿ. ತಡಿಯಾಕ ಆಗಿಲ್ಲ," ಎಂದರಂತೆ ಡಾಕ್ಟರ್.

"ಮತ್ತ?"

"ಔಷಧ ಬಿಟ್ಟು, ಚಷ್ಮಾ ಹಾಕೂದು, ಮಾತಾಡ್ಸೂದು, ಕೈಕಾಲ ಆಡ್ಸೂದು, ಇದನ್ನೂ ಕೂಡಿಸಿ ನೋಡ್ಯಾರ. ಅಂದಕೊಂಡಷ್ಟು ಅದರಿಂದನೂ ಆಗಿಲ್ಲ ಅಂತ ಅವರ ಬರದಾರ."

"ಎರಡೂ ಆಗಂಗಿಲ್ಲ ಅಂದ್ರ ಏನ ಮಾಡ್ತೀರಿ ಡಾಕ್ಟರ್ ಬಾಯಾರ?"

"ಕೈ ಕಟ್ಟೂದಕಿಂತ ಮಾತಾಡ್ಸೂದು ಛಲೋ ಅಂತ ನನಗ ಅನಸ್ತೈತ್ರಿ. ಮನಿಯವರ ಧ್ವನಿ ಕೇಳಸ್ರಿ. ದಿನಾ ಕಿವಿಗೆ ಬೀಳೂದು ಏನೈತಿ ಅದನ್ನ ಹೇಳ್ರಿ."

ಆ ವಾರ್ಡಿನಲ್ಲಿ ಮನೆಯವರನ್ನು ಒಳಗೆ ಕೂಡಿಸಿಕೊಳ್ಳುವ ರೂಢಿಯೇ ಇರಲಿಲ್ಲ. ಡಾಕ್ಟರ್ ಜಗಳಾಡಿ ಅನುಮತಿ ಪಡೆದರು, ನನ್ನ ಕೈಗಳನ್ನೂ ಬಿಚ್ಚಿಸಿದರು. ಭರತೇಶನಿಗೆ ರಕ್ತ ನೋಡಿದರೆ ಕಣ್ಣು ಕತ್ತಲಿಡುತ್ತದೆ. ಹೀಗಾಗಿ ನನ್ನ ಪಕ್ಕ ಕುಳಿತುಕೊಳ್ಳಲು ಬಂದವರು ಅತ್ತೆ. ಸಿಸ್ಟರ್ ಒಬ್ಬಳು ಅತ್ತೆಯ ಕೈಗೆ ಒದ್ದೆ ಹತ್ತಿ ಕೊಟ್ಟು, ಬಾಯಿ ಒಣಗಿದರೆ ತುಟಿಗೆ ಸವರಿ, ನೀರು ಮಾತ್ರ ಬೇಡ, ನುಂಗಲು ಇನ್ನೂ ಬರುವುದಿಲ್ಲ, ಪುಪ್ಪುಸಕ್ಕೆ ಇಳಿದೀತು ಎಂದು ತಾಕೀತು ಮಾಡಿದಳು. ಅತ್ತೆಗೆ ದಿನವೂ ನನ್ನ ಕಿವಿಗೆ ಬೀಳುವುದು ಎಂದರೆ ಏನು ಹೊಳೆಯಬೇಕು? ನಾವು ಜೈನರು, ನಮ್ಮ ಮನೆಯಲ್ಲಿ ಬೆಳಗಾದರೆ ಒಲೆ ಹಚ್ಚುವ ಮೊದಲು ಅವರ ಬಾಯಲ್ಲಿ ಣಮೋಕಾರ ಮಂತ್ರ. ಅದನ್ನೇ ನನ್ನ ಕಿವಿಯ ಹತ್ತಿರ ಬಾಗಿ ಹೇಳತೊಡಗಿದರು.

ಇಲ್ಲಿ ಒಂದು ಹಳೆಯ ವಿಷಯ ಹೇಳದಿದ್ದರೆ ನಾನು ಮಾಡಿದ್ದು ಬರೀ ಹುಚ್ಚಾಗಿ ಕಾಣುತ್ತದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಭರತೇಶನ ಅಜ್ಜಿ ಸಲ್ಲೇಖನ ವ್ರತ ತೆಗೆದುಕೊಂಡಿದ್ದರು. ಅದು ಅವರದೇ ಇಚ್ಛೆ. ಗುರುಗಳ ಅಪ್ಪಣೆ ಪಡೆದು, ಮನೆಯ ಒಬ್ಬೊಬ್ಬರನ್ನೂ ಕರೆದು ಕ್ಷಮೆ ಕೇಳಿ, ಸಾವನ್ನು ಎದುರುಗೊಳ್ಳಲು ಕುಳಿತರು. ಮೊದಲು ಅನ್ನ ಬಿಟ್ಟರು. ಆಮೇಲೆ ಹಾಲು. ಆಮೇಲೆ ನೀರು. ಊರಿನ ಜನ ಬಂದು ಕೈಮುಗಿದು ಹೋಗುತ್ತಿದ್ದರು. ಮಗ್ಗಗಳನ್ನು ನಿಲ್ಲಿಸಿದ್ದರು. ಆ ಮನೆ ಅಷ್ಟು ಶಾಂತವಾಗಿದ್ದುದನ್ನು ನಾನು ಮತ್ತೆಂದೂ ಕಂಡಿಲ್ಲ. ಅತ್ತೆ ತಲೆದೆಸೆಯಲ್ಲಿ ಕುಳಿತು ಕಿವಿಯಲ್ಲಿ ಣಮೋಕಾರ ಹೇಳುತ್ತಿದ್ದರು. ಒಡೆದ ತುಟಿಗೆ ಒದ್ದೆ ಹತ್ತಿ ಸವರುತ್ತಿದ್ದರು ಕೂಡ. ಅಥವಾ ಹತ್ತಿಯನ್ನು ನಾನು ಆಮೇಲೆ ಸೇರಿಸಿಕೊಂಡೆನೇ? ಅತ್ತೆಯನ್ನು ಕೇಳಿದರೆ ಬರೀ ಸೆರಗಿನಿಂದ ಒರೆಸುತ್ತಿದ್ದೆ ಎನ್ನುತ್ತಾರೆ.

ಏನೇ ಇರಲಿ, ಐಸಿಯುನಲ್ಲಿ ನನ್ನ ತಲೆ ಮಾಡಿದ ಲೆಕ್ಕ ಸರಳ. ಅನ್ನ ಕೊಟ್ಟಿಲ್ಲ. ನೀರು ಕೇಳಿದರೆ ಸಿಸ್ಟರ್ "ಪಾಣಿ ನಕೋ ತಾಈ, ಪಾಣಿ ನಕೋ" ಎಂದು ಮರಾಠಿಯಲ್ಲಿ ನೀರು ಬೇಡವೆನ್ನುತ್ತಾಳೆ. ತುಟಿಗೆ ಹತ್ತಿ. ಕಿವಿಗೆ ಮಂತ್ರ. ಅಂದರೆ ನನಗೆ ಸಲ್ಲೇಖನ ಕೊಟ್ಟಿದ್ದಾರೆ. ನನ್ನನ್ನು ಕೇಳದೆ ಕೊಟ್ಟಿದ್ದಾರೆ. ಕ್ಷಮೆ ಕೇಳಲು ಮಕ್ಕಳನ್ನೂ ಕರೆದಿಲ್ಲ. ಅಜ್ಜಿ ಬಯಸಿ ಪಡೆದದ್ದನ್ನು ನನ್ನ ಕೈಕಾಲು ಕಟ್ಟಿ ತುರುಕುತ್ತಿದ್ದಾರೆ. ಬಾಗಿಲ ಹೊರಗೆ ಜನ ಕೈಮುಗಿಯಲು ಸಾಲುಗಟ್ಟಿರುವುದು ನನಗೆ ಕಾಣುತ್ತಿತ್ತು. ಅವರಲ್ಲಿ ಕೆಲವರ ಕೈಯಲ್ಲಿ ಕೊಡಲಿ ಇತ್ತು. ನಾನು ಬೇಗ ಸಾಯದಿದ್ದರೆ ಕಡಿಯಲಿಕ್ಕೆ.

ಆಗ ಆ ಮಾತು ಬಿತ್ತು. ಅತ್ತೆಯ ಧ್ವನಿ, ನನ್ನ ಕಿವಿಗಿಂತ ಮೇಲೆ, ಬೇರೆ ಯಾರಿಗೋ ಹೇಳುತ್ತಿದ್ದ ಹಾಗೆ: "ಸಾಕ್ರಿ. ಬಿಟ್ಟಬಿಡ್ರಿ ಇಕಿನ್ನ."

ಮರುಗಳಿಗೆ ಹತ್ತಿ ತುಟಿಗೆ ಬಂತು. ಕಚ್ಚಿದೆ.

ಮನೆಗೆ ಬಂದಾಗ ಅತ್ತೆಯ ಕೈಗೆ ದಪ್ಪ ಪಟ್ಟಿ ಇತ್ತು. ನನ್ನ ಕಾಲುಗಳು ಕಡ್ಡಿಯಾಗಿದ್ದವು. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು. ಸನ್ನಿ ಬಿಟ್ಟಿತ್ತು, ಮಕ್ಕಳ ಹೆಸರು, ಊರು, ಇವತ್ತು ಯಾವ ವಾರ, ಎಲ್ಲ ಹೇಳುತ್ತಿದ್ದೆ. ಮಗ್ಗ, ಬ್ಲೇಡು, ಕೊಡಲಿ, ಇವೆಲ್ಲ ಇರಲಿಲ್ಲ ಎಂದೂ ಒಪ್ಪಿಕೊಂಡೆ. ಅದೊಂದು ಮಾತು ಮಾತ್ರ ಹೋಗಲಿಲ್ಲ. ಸಾಕ್ರಿ, ಬಿಟ್ಟಬಿಡ್ರಿ.

ಅತ್ತೆ ಎಡಗೈಯಿಂದ ಗಂಜಿ ಕಲಸಿ ತಂದರೆ ನಾನು ಮುಖ ತಿರುಗಿಸುತ್ತಿದ್ದೆ. ಒಮ್ಮೆ ತಾಟನ್ನು ಅವರ ಕೈಯಿಂದ ಕಸಿದು ಗೋಡೆಗೆ ಎಸೆದೆ. ಬಿಸಿ ಗಂಜಿ ಅವರ ಕಾಲಿನ ಮೇಲೆ ಬಿತ್ತು. ಅವರು ಬಗ್ಗಿ ಒರೆಸತೊಡಗಿದರು. ಆ ಬಗ್ಗಿದ ಬೆನ್ನಿಗೆ ಒದೆಯಬೇಕೆನಿಸಿತು. ಕಾಲಲ್ಲಿ ಶಕ್ತಿಯಿದ್ದಿದ್ದರೆ ಒದೆಯುತ್ತಿದ್ದೆನೆಂದೇ ನನ್ನ ಅಂದಾಜು.

"ಅತ್ಯಾರು ಹಂಗ ಅಂದ್ರೇನ್ರಿ? ಬಿಟ್ಟಬಿಡ್ರಿ ಅಂತ?" ಎಂದು ಭರತೇಶನನ್ನು ಕೇಳಿದೆ.

"ನಿನ್ನ ತಲಿ ಇನ್ನೂ ನೆಟ್ಟಗಾಗಿಲ್ಲ."

"ಅಂದ್ರೋ ಇಲ್ಲೋ, ಅಷ್ಟ ಹೇಳ್ರಿ."

"ಸನ್ನಿ ಒಳಗ ಎಷ್ಟೋ ಕೇಳಸ್ತೈತಿ. ಕೊಡ್ಲಿ ಹಿಡದ ಜನಾನೂ ಕಂಡಿದ್ರಲ ನಿನಗ?"

ಅವರ ಕೆನ್ನೆಗೆ ಹೊಡೆದೆ. ಮದುವೆಯಾದ ಮೇಲೆ ಮೊದಲ ಸಲ. ಅವರು ಎದ್ದು ಶೆಡ್ಡಿಗೆ ಹೋದರು. ಒಂದೊಂದೇ ಮಗ್ಗ ಶುರುವಾಗುವ ಸದ್ದು ಕೇಳಿಸಿತು. ಎಲ್ಲವೂ ಓಡುತ್ತಿರುವಾಗ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಉತ್ತರ ಕೊಡಬೇಕಾಗುವುದಿಲ್ಲ.

ಐಸಿಯುನಿಂದ ಬಂದವರು ಇದನ್ನು ಓದುತ್ತಿದ್ದರೆ, ನನಗೆ ಗೊತ್ತಿರುವುದು ಇಷ್ಟು. ಕಂಡ ಭಯಂಕರಗಳಿಗಿಂತ ಕೆಟ್ಟದ್ದು ಇನ್ನೊಂದಿದೆ. ಆಮೇಲೆ ನೀವು ಏನು ಕೇಳಿದರೂ ಮನೆಯವರಿಗೆ ಸನ್ನಿ ಎಂಬ ಒಂದು ಪದ ಸಿಕ್ಕಿರುತ್ತದೆ. ಅದನ್ನು ಮುಚ್ಚಳದಂತೆ ನಿಮ್ಮ ಬಾಯಿಗೆ ಇಡುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ. ನನ್ನನ್ನು ಸಾಯಲು ಬಿಟ್ಟಿದ್ದರೋ ಇಲ್ಲವೋ ಎಂಬುದು ತಿಳಿಯದೆ ನಾನು ಆ ಮನೆಯ ಅನ್ನ ನುಂಗುವ ಹಾಗಿರಲಿಲ್ಲ. ಬಿಟ್ಟಿದ್ದರೆ ಮಕ್ಕಳನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದೆ. ತಮ್ಮನಿಗೂ ಫೋನಿನಲ್ಲಿ ಹೇಳಿದ್ದೆ.

ಆ ಹೊತ್ತಿಗೆ ಕೊಲ್ಹಾಪುರದಿಂದ ಡಾಕ್ಟರ್ ಕರೆ ಮಾಡಿಸಿದರು. ತೋರಿಸಿಕೊಳ್ಳಲು ಬರುವಾಗ ಪಕ್ಕದಲ್ಲಿ ಕುಳಿತಿದ್ದವರನ್ನೂ ಕರೆತನ್ನಿ ಎಂದರು. ನೆದರ್ಲ್ಯಾಂಡ್ಸ್‌ನಲ್ಲಿ ಐಸಿಯುನಿಂದ ಹೋದವರನ್ನು ಬಹಳ ಕಾಲದವರೆಗೆ ಹೇಗಿದ್ದೀರಿ ಎಂದು ವಿಚಾರಿಸುತ್ತಾರಂತೆ, ಮನೆಯವರನ್ನೂ ಬಿಡುವುದಿಲ್ಲವಂತೆ. ಅಲ್ಲಿ ಕಲಿತದ್ದನ್ನು ಅವರು ಇಲ್ಲಿ ಒಬ್ಬರೇ ಮಾಡುತ್ತಿದ್ದರು.

ಬೆಳಗಿನ ಹೊತ್ತು ಹಾತಕಣಂಗಲೆ ದಾಟಿ ಹೋದೆವು. ಕಾರಿನಲ್ಲಿ ಅತ್ತೆ ಮುಂದೆ, ನಾನು ಹಿಂದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಕುರ್ಚಿಗಳು ಸಾಲಾಗಿ ಬೋಲ್ಟು ಹಾಕಿ ಕೂಡಿಸಿದ್ದವು. ಒಬ್ಬರು ಅಲುಗಿದರೆ ಎಲ್ಲರೂ ಅಲುಗಬೇಕು. ಬೇಕೆಂದೇ ನಾನು ತುದಿಯಲ್ಲಿ ಕುಳಿತೆ. ಭರತೇಶ ಹೆಸರು ಹೇಳಿಬರಲು ಕೌಂಟರಿಗೆ ಹೋದರು. ಪಕ್ಕದಲ್ಲಿ ಹಲಕರ್ಣಿಯ ಕಡೆಯ ಒಬ್ಬ ಮುದುಕಿ ಅತ್ತೆಯ ಕೈ ನೋಡಿದಳು. ಪಟ್ಟಿ ಬಿಚ್ಚಿತ್ತು. ಬೆರಳು ಮಡಚಿದಂತೆಯೇ ಉಳಿದಿತ್ತು.

"ಏನಾಗೇತ ಯವ್ವಾ ಬೆರಳಿಗೆ?"

"ಮಗ್ಗಕ್ಕ ಸಿಕ್ಕಿತ್ತ."

"ಅಯ್ಯ, ಈ ವಯಸ್ಸಿನ್ಯಾಗ ಮಗ್ಗದ ಹಂತೇಕ ಯಾಕ ಹೋಗಿದ್ದಿ?"

"ಭಾಳ ಹಚಗೊಂಡಿದ್ದೆ ಅದನ್ನ. ಅದಕ್ಕ ಸಿಟ್ಟ ಬಂತ," ಎಂದರು ಅತ್ತೆ.

ಮುದುಕಿ ನಕ್ಕಳು. ನನಗೆ ಮೈ ಉರಿಯಿತು. ಆಸ್ಪತ್ರೆಯಿಂದ ಬಂದಾಗಿನಿಂದ ಅತ್ತೆ ನನ್ನನ್ನು ಹೀಗೇ ಮುಚ್ಚಿಡುತ್ತಿದ್ದಾರೆ. ಬೀಗರಿಗೆ ಮಗ್ಗ, ನೆರೆಯವರಿಗೆ ಮಗ್ಗ, ಬಸದಿಯಲ್ಲಿ ಸಿಕ್ಕವರಿಗೂ ಮಗ್ಗ. ಒಬ್ಬರಿಗಾದರೂ ಸೊಸೆ ಕಚ್ಚಿದಳು ಎಂದು ಹೇಳಿದ್ದರೆ ನನಗೆ ಎದುರಾಡಲು ಒಂದು ಜಾಗ ಸಿಗುತ್ತಿತ್ತು. ಎದ್ದು ಅವರ ಎದುರಿಗೆ ನಿಂತೆ. ಕಾಲು ನಡುಗುತ್ತಿದ್ದುದರಿಂದ ಅವರ ಭುಜ ಹಿಡಿಯಬೇಕಾಯಿತು. ಹಿಡಿದದ್ದು ಅಲುಗಾಡಿಸಿದಂತಾಗಿ ಕುರ್ಚಿಯ ಸಾಲೆಲ್ಲ ಕರಕರ ಎಂದಿತು.

"ಅತ್ಯಾರ, ಬಿಟ್ಟಬಿಡ್ರಿ ಇಕಿನ್ನ ಅಂತ ಅಂದಿದ್ರೋ ಇಲ್ಲೋ?"

ಅವರು ಮೇಲೆ ನೋಡಿದರು.

"ಅಂದಿನಿ," ಎಂದರು.

ನಾನು ಕೇಳಿಸಿಕೊಂಡದ್ದನ್ನು ನಂಬಲಿಲ್ಲ. ಮತ್ತೆ ಕೇಳಿದೆ.

"ಅಂದಿನೆವಾ. ಸುಳ್ಳ್ಯಾಕ ಹೇಳಲಿ. ಟ್ಯೂಬ ತಗದ ಮ್ಯಾಲ ಮತ್ತ ನಿನಗ ದಮ್ಮ ಹತ್ತಿತ್ತ. ಇನ್ನೊಮ್ಮಿ ಟ್ಯೂಬ ಹಾಕೂದ ಬರಬಹುದು ಅಂದ್ರು ಡಾಕ್ಟರ್ ಬಾಯಿ. ನಿನ್ನ ಕುತಗಿ ನೋಡಿದೆ. ಕೈ ನೋಡಿದೆ, ಹಗ್ಗದ ಬರಿ ಎದ್ದಿದ್ದು. ದನಾನೂ ಹಂಗ ಕಟ್ಟಂಗಿಲ್ಲ. ನನ್ನ ಕಡಿಂದ ನೋಡೂದ ಆಗ್ಲಿಲ್ಲ. ಸಾಕ್ರಿ, ಬಿಟ್ಟಬಿಡ್ರಿ ಅಂದೆ."

"ಸಾಯಾಕ?"

"ಹೌದ. ಮತ್ತ್ಯಾತಕ್ಕ?"

ಹಲಕರ್ಣಿಯ ಮುದುಕಿ ಈಗ ನಗುತ್ತಿರಲಿಲ್ಲ.

"ಭರತ ಒಲ್ಲೆ ಅಂದ. ಬಾಯಾರೂ ಒಲ್ಲೆ ಅಂದ್ರು. ಇಕಿ ಬದಕತಾಳ್ರಿ ಅಮ್ಮಾ, ತಡೀರಿ ಅಂದ್ರು. ನಾ ಸುಮ್ಮನಾದೆ."

"ಮತ್ತ ಆ ಮಂತ್ರ?"

"ಅದು ನಿನಗ ಅಲ್ಲ. ಮೊದಲ ನಿನಗಂತನ ಶುರು ಮಾಡಿದ್ದೆ. ಆಮ್ಯಾಲ ನನಗ ಅಂಜಿಕಿ ಬಂತ. ಅಂಜಿಕಿ ಹೋಗಲಿ ಅಂತ ನನಗ ನಾ ಹೇಳಕೊಂಡೆ."

ಆ ಕ್ಷಣದಲ್ಲಿ ನನಗೆ ಏನಾಯಿತೆಂಬುದನ್ನು ಬರೆಯಲು ಹೋಗಿ ಹಲವು ವಾಕ್ಯಗಳನ್ನು ಹೊಡೆದುಹಾಕಿದ್ದೇನೆ. ಸಮಾಧಾನ ಎಂದು ಬರೆದಿದ್ದೆ, ಅದು ಸರಿಯಲ್ಲ. ಅವರ ಭುಜದಲ್ಲಿದ್ದ ನನ್ನ ಉಗುರು ಇನ್ನೂ ಒಳಗೇ ಇಳಿಯುತ್ತಿತ್ತು. ಅವರ ಕುತ್ತಿಗೆ ಹಿಚುಕಬೇಕೆಂದು ನಿಜವಾಗಿಯೂ ಅನ್ನಿಸಿತು. ಅದೇ ಉಸಿರಿನಲ್ಲಿ, ನನಗೆ ಹುಚ್ಚಿರಲಿಲ್ಲ ಎಂದೂ ಅನ್ನಿಸಿತು. ಮಗ್ಗ, ಬ್ಲೇಡು, ಕೊಡಲಿಗಳ ನಡುವೆ ನಾನು ಒಂದು ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದೆ. ಇಷ್ಟು ದಿನ ನನ್ನ ತಲೆ ನೆಟ್ಟಗಿಲ್ಲ ಎಂದ ಮನೆಯಲ್ಲಿ, ಅದು ನೆಟ್ಟಗಿತ್ತು ಎಂದು ಹೇಳಿದವರು ಇವರೊಬ್ಬರೇ. ಹೇಳಿದರೆ ತಮಗೇ ಕೆಡುಕೆಂಬುದನ್ನೂ ಲೆಕ್ಕಿಸದೆ ಹೇಳಿದರು.

ಭರತೇಶ ಕೌಂಟರಿನಿಂದ ಓಡಿಬಂದು ನನ್ನ ಕೈ ಬಿಡಿಸಿದರು.

"ಏನ ಮಾಡಾಕತ್ತೀ? ಎಲ್ಲಾರೂ ನೋಡಾಕತ್ತಾರ!"

"ನೀವು ಯಾಕ ಹೇಳಲಿಲ್ಲ?"

"ಏನ?"

"ಅತ್ಯಾರು ಅಂದದ್ದು ಖರೆ ಅಂತ."

ಅವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಹೇಳಿದ್ರ ನೀ ಮನ್ಯಾಗ ಇರ್ತಿದ್ದೇನ?" ಎಂದರು. ಧ್ವನಿ ಒಡೆದಿತ್ತು. ಇರುತ್ತಿದ್ದೆನೋ ಇಲ್ಲವೋ, ಹೋಗುವುದೆಂದು ನಿಶ್ಚಯಿಸಿದ್ದ ನನಗೂ ಈಗ ಗೊತ್ತಾಗಲಿಲ್ಲ. ಅತ್ತೆ ಸೆರಗು ಸರಿಪಡಿಸಿಕೊಂಡರು. ಭುಜದಲ್ಲಿ ನನ್ನ ಉಗುರಿನ ಅಚ್ಚು ಕೆಂಪಗೆ ಮೂಡಿತ್ತು.

ಸಿಸ್ಟರ್ ಬಾಗಿಲು ತೆರೆದು ನನ್ನ ಹೆಸರು ಕೂಗಿದಳು. ಜೊತೆಗೆ ಒಬ್ಬರೇ ಬನ್ನಿ ಎಂದಳು. ಭರತೇಶ ಫೈಲು ಹಿಡಿದು ಮುಂದೆ ಹೊರಟರು.

"ನೀವು ಕೂಡ್ರಿ," ಎಂದೆ. "ಅತ್ಯಾರು ಬರ್ತಾರ."

ಒಳಗೆ ಡಾಕ್ಟರ್ ಎದ್ದು ನಿಂತು ಬರಮಾಡಿಕೊಂಡರು. ಅವರ ಮುಖವನ್ನು ನಾನು ಆಗಲೇ ಮೊದಲು ನೋಡಿದ್ದು. ನನ್ನ ನೆನಪಿನಲ್ಲಿ ಅವರು ಬ್ಲೇಡು ಹಿಡಿದ ಗಂಡಸಾಗಿದ್ದರು. ಎದೆಗೆ ಸ್ಟೆಥಸ್ಕೋಪು ಇಟ್ಟರು, ನಡೆಸಿ ನೋಡಿದರು, ಕೈ ಹಿಂಡಿಸಿದರು. ಊಟ ಹೋಗುತ್ತದೆಯೇ ಎಂದು ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, "ನಿದ್ದಿ ಹ್ಯಾಂಗೈತ್ರಿ? ಕನಸ ಬೀಳ್ತಾವೇನು?" ಎಂದರು.

ಹೇಳುವುದು ಬೇಕಾದಷ್ಟಿತ್ತು. ಪಕ್ಕದ ಕುರ್ಚಿಯಲ್ಲಿ ಅತ್ತೆ, ಬಸ್ಸಿನಲ್ಲಿ ಸೀಟು ಸಿಗದೆ ಯಾರದೋ ತುದಿಗೆ ಕೂತವರಂತೆ ಕೂತಿದ್ದರು.

"ಮೊದಲ ಇವರನ್ನ ಕೇಳ್ರಿ," ಎಂದೆ.

ಡಾಕ್ಟರ್ ಕುರ್ಚಿ ಸರಿಸಿಕೊಂಡು ಅತ್ತೆಯ ಕಡೆ ತಿರುಗಿದರು. ಅತ್ತೆ ಮಡಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಹೊರಗೆ ಯಾರೋ ಯಾರನ್ನೋ ಮರಾಠಿಯಲ್ಲಿ ಬೈಯುತ್ತಿದ್ದರು.

"ನಿದ್ದಿ ಬರಂಗಿಲ್ರಿ ಬಾಯಾರ," ಎಂದರು ಕೊನೆಗೆ. "ಬಂದ್ರ, ಬಿಟ್ಟಬಿಡ್ರಿ ಅಂತೇನಿ. ಕನಸಿನ್ಯಾಗ ನೀವು ಹೂಂ ಅಂತೀರಿ."